ಇಂಜಿನಿಗೆ ದಮ್ಮು ಕಡಿಮೆಯಾದಾಗ

(ನಮ್ಮ ಕೂಟದ ಉಪನ್ಯಾಸ ಮಾಲೆಯಲ್ಲಿ ನೀಡಿದ ಅತಿಥಿ ಭಾಷಣದ ಲಿಖಿತ ರೂಪ)



ವೈದ್ಯನಾದವನು ರಕ್ತದೊತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ಕುರಿತು ಮಾತನಾಡುವುದು ವಾಡಿಕೆ. ಇಂದು ನಾನು ಆರಿಸಿಕೊಂಡಿರುವ ವಿಷಯ ಬುಲ್ಡೋಜರಿನ ಇಂಜಿನು ಶಕ್ತಿಗುಂದುವುದು. ಇದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನಾವು ನೆಲೆಸಿರುವ ಈ ನಾಡನ್ನು ಕಟ್ಟುವುದರಲ್ಲಿ ಈ ಯಂತ್ರದ ಪಾಲು ಸಣ್ಣದಲ್ಲ. 1979ರಲ್ಲಿ ಉದ್ಘಾಟನೆಯಾದ ಜೆಬೆಲ್ ಅಲಿ ಬಂದರಿನಿಂದ ಹಿಡಿದು, 2001ರಲ್ಲಿ ಕೆಲಸ ಆರಂಭವಾದ ಪಾಮ್ ಜುಮೈರಾದವರೆಗೆ, ನಮ್ಮ ಮನೆ, ರಸ್ತೆ, ಮಕ್ಕಳ ಶಾಲೆಗಳವರೆಗೆ, ಎಲ್ಲೆಡೆಯೂ ಅಡಿಪಾಯಕ್ಕೆ ಮೊದಲು ನೆಲವನ್ನು ಸಮತಟ್ಟು ಮಾಡಬೇಕಾಗುತ್ತದೆ. ಕನ್ನಡಿಗರಿಗೂ ಈ ಯಂತ್ರ ಹೊಸದಲ್ಲ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ಕೋಲಾರ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ ಬುಲ್ಡೋಜರುಗಳನ್ನು ತಯಾರಿಸುತ್ತ ಬಂದಿದೆ.

ನನ್ನ ಚಿಕಿತ್ಸಾಲಯಕ್ಕೆ ಬರುವ ಡೋಜರು ಆಪರೇಟರುಗಳು ತಮ್ಮ ದೇಹದ ತೊಂದರೆಯನ್ನೂ ಯಂತ್ರದ ತೊಂದರೆಯನ್ನೂ ಒಂದೇ ಮಾತಿನಲ್ಲಿ ಹೇಳುತ್ತಾರೆ: "ದಮ್ಮೇ ಇಲ್ಲ ಡಾಕ್ಟ್ರೇ." ನಮ್ಮ ಆಡುಮಾತಿನಲ್ಲಿ ಉಸಿರಿಗೂ ದಮ್ಮು, ಉಬ್ಬಸಕ್ಕೂ ದಮ್ಮು, ಕಸುವಿಗೂ ದಮ್ಮು. ಈ ಮಾತನ್ನು ಕೇಳಿ ಕೇಳಿ ಕುತೂಹಲಗೊಂಡು, ಯಂತ್ರಗಳನ್ನು ಬಲ್ಲ ಮಿತ್ರರಿಂದಲೂ ತಯಾರಕರ ಕೈಪಿಡಿಗಳಿಂದಲೂ ನಾನು ಕಲಿತುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ. ನಾನು ಹೇಳಬೇಕೆಂದಿರುವುದರ ಸಾರಾಂಶ ಇಷ್ಟೆ: ಶಕ್ತಿಗುಂದುವುದು ರೋಗವಲ್ಲ, ರೋಗಲಕ್ಷಣ. ಆದ್ದರಿಂದ ಬಿಚ್ಚುವುದಕ್ಕೆ ಮೊದಲು ಕೇಳಬೇಕು. ಒಳಗನ್ನು ನೋಡುವುದಕ್ಕೆ ಮೊದಲು ಹೊರಗನ್ನು ನೋಡಬೇಕು.

ಮೊದಲು ವಿಚಾರಣೆ

ಜ್ವರವೆಂದು ಬಂದ ರೋಗಿಯನ್ನು ನಾವು ನೇರವಾಗಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸುವುದಿಲ್ಲ. ಎಂದಿನಿಂದ? ಒಮ್ಮೆಲೇ ಬಂತೆ, ಮೆಲ್ಲಗೆ ಬಂತೆ? ಯಾವ ಹೊತ್ತಿನಲ್ಲಿ ಹೆಚ್ಚು? ಎಂದೆಲ್ಲ ಕೇಳುತ್ತೇವೆ. ಯಂತ್ರಕ್ಕೂ ಇವೇ ಪ್ರಶ್ನೆಗಳು. ವಾರಗಳಿಂದ ಮೆಲ್ಲಗೆ ಕುಂದಿದ ಶಕ್ತಿ ಕಟ್ಟಿಕೊಳ್ಳುತ್ತಿರುವ ಫಿಲ್ಟರನ್ನೋ ಸವೆತವನ್ನೋ ಸೂಚಿಸುತ್ತದೆ. ಒಮ್ಮೆಲೇ ಕುಂದಿದ್ದಾದರೆ ಕಳಚಿದ ಕೊಳವೆಯನ್ನೋ ನೀರು ಬೆರೆತ ಡೀಸೆಲನ್ನೋ ಶಂಕಿಸಬೇಕು. ಮಧ್ಯಾಹ್ನ ಮಾತ್ರ ಕುಂದುವುದಾದರೆ ಬಿಸಿಯ ಸಂಬಂಧವಿದೆ. ಸರ್ವಿಸು ಮಾಡಿಸಿದ ಮರುದಿನವೇ ಆರಂಭವಾದದ್ದಾದರೆ ಆ ಸರ್ವಿಸಿನಲ್ಲಿ ಕೈಯಾಡಿಸಿದ ಭಾಗವನ್ನೇ ಮೊದಲು ನೋಡುವುದು ವಿವೇಕ.

ಇದಾದ ಮೇಲೆ ಇನ್ನೊಂದು ಮೂಲಭೂತ ಪ್ರಶ್ನೆ: ಸೋತಿರುವುದು ನಿಜವಾಗಿಯೂ ಇಂಜಿನೇ? ಡೋಜರಿನ ಚೈನುಗಳ ನಡುವೆ ಮರಳು ತುಂಬಿ ಅವು ಬಿಗಿಯಾದರೆ, ಅಥವಾ ಬ್ರೇಕು ಪೂರ್ತಿ ಬಿಡದೆ ಹಿಡಿದುಕೊಂಡಿದ್ದರೆ, ಆರೋಗ್ಯವಂತ ಇಂಜಿನೂ ಏದುಸಿರು ಬಿಡುತ್ತದೆ. ಟಾರ್ಕ್ ಕನ್ವರ್ಟರು ಇರುವ ಯಂತ್ರಗಳಲ್ಲಿ ಇದನ್ನು ತಿಳಿಯಲು 'ಸ್ಟಾಲ್' ಪರೀಕ್ಷೆಯೆಂಬುದಿದೆ. ಕೈಪಿಡಿಯ ಕ್ರಮದಂತೆ ಯಂತ್ರವನ್ನು ಅಲುಗದಂತೆ ನಿಲ್ಲಿಸಿ, ಗೇರಿನಲ್ಲಿಟ್ಟು, ಪೂರ್ಣ ವೇಗ ಕೊಟ್ಟು, ಇಂಜಿನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ನೋಡುತ್ತಾರೆ. ನಿಗದಿತ ಸುತ್ತುಗಳಿಗಿಂತ ಕಡಿಮೆಯಾದರೆ ಇಂಜಿನಿನಲ್ಲಿ ದುರ್ಬಲತೆ. ಹೆಚ್ಚಾದರೆ ಕನ್ವರ್ಟರೋ ಗೇರುಪೆಟ್ಟಿಗೆಯೋ ಜಾರುತ್ತಿದೆ. ಸರಿಯಾಗಿದ್ದರೆ ಇಂಜಿನನ್ನು ಬಿಚ್ಚುವ ಅಗತ್ಯವಿಲ್ಲ. ಹೃದ್ರೋಗದ ಶಂಕೆಯುಳ್ಳವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವಂಥದೇ ಪರೀಕ್ಷೆ ಇದು.

ಹೊಗೆಯ ಬಣ್ಣ

ನಮ್ಮ ಹಿರಿಯ ವೈದ್ಯರು ನಾಲಗೆಯನ್ನೂ ಮೂತ್ರದ ಬಣ್ಣವನ್ನೂ ನೋಡಿ ಅರ್ಧ ರೋಗ ಹೇಳುತ್ತಿದ್ದರು. ಡೀಸೆಲ್ ಇಂಜಿನಿಗೆ ಹೊಗೆಯೇ ನಾಲಗೆ. ಕಪ್ಪು ಹೊಗೆ ಬಂದರೆ ಇಂಧನಕ್ಕೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲವೆಂದು ಅರ್ಥ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲು ಉರಿಯುತ್ತಿದೆ. ಬಿಳಿ ಹೊಗೆ ಬಂದರೆ ಉರಿಯದ ಡೀಸೆಲಾಗಲಿ, ನೀರಿನ ಆವಿಯಾಗಲಿ ಹೊರಬರುತ್ತಿದೆ. ಹೊಗೆ ಹೆಚ್ಚಿಲ್ಲದೆ ಶಕ್ತಿ ಮಾತ್ರ ಇಳಿದಿದ್ದರೆ ಇಂಜಿನಿಗೆ ಆಹಾರವೇ ಸಾಲದು, ಅಂದರೆ ಡೀಸೆಲ್ ಸರಿಯಾಗಿ ತಲುಪುತ್ತಿಲ್ಲ ಎಂದು ಶಂಕಿಸಬೇಕು.

ಉಸಿರು

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ ಸುಮಾರು 12 ಕಿಲೋಗ್ರಾಂ ಗಾಳಿ, ಅಂದರೆ 10,000 ಲೀಟರಿಗೂ ಹೆಚ್ಚು ಗಾಳಿ ಬೇಕು. ವಿಶ್ರಾಂತಿಯಲ್ಲಿರುವ ಒಬ್ಬ ವಯಸ್ಕ ಮನುಷ್ಯ ಇಡೀ ದಿನದಲ್ಲಿ ಸೇದುವ ಗಾಳಿಯೂ ಹೆಚ್ಚುಕಡಿಮೆ ಇಷ್ಟೇ! ದೊಡ್ಡ ಡೋಜರು ಗಂಟೆಗೆ ಹತ್ತಾರು ಲೀಟರ್ ಡೀಸೆಲ್ ಕುಡಿಯುತ್ತದೆ. ಅದು ಸೇದುವ ಗಾಳಿಯ ಪ್ರಮಾಣವನ್ನೂ, ಆ ಗಾಳಿಯಲ್ಲಿ ಬೆರೆತಿರುವ ಮರುಭೂಮಿಯ ದೂಳನ್ನೂ ತಾವೇ ಊಹಿಸಿಕೊಳ್ಳಿ. ಸಾಲದುದಕ್ಕೆ, ಬಿಸಿಗಾಳಿ ತೆಳುವಾದದ್ದು. 25 ಡಿಗ್ರಿಯ ಗಾಳಿಗೆ ಹೋಲಿಸಿದರೆ 48 ಡಿಗ್ರಿಯ ಗಾಳಿಯ ಸಾಂದ್ರತೆ ಸುಮಾರು ಶೇಕಡಾ 7ರಷ್ಟು ಕಡಿಮೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯಲ್ಲಿ, 2005ರ ಕೊನೆಯಲ್ಲಿ ಅದು ನಿಲ್ಲುವವರೆಗೂ, ಯಂತ್ರಗಳು ಮಳೆಯಲ್ಲಿ ಕೆಸರಿನಲ್ಲಿ ದುಡಿದವು. ಇಲ್ಲಿನ ಯಂತ್ರಗಳ ಶತ್ರು ಶಮಾಲ್ ಗಾಳಿ ಹೊತ್ತು ತರುವ ದೂಳು. ದೇಶ ಬದಲಾದಂತೆ ಕಾಯಿಲೆಯೂ ಬದಲಾಗುತ್ತದೆ.

ಆದ್ದರಿಂದ ಇಲ್ಲಿ ಮೊದಲ ಪರೀಕ್ಷೆ ಏರ್ ಫಿಲ್ಟರಿನದು. ಹೆಚ್ಚಿನ ಯಂತ್ರಗಳಲ್ಲಿ ಫಿಲ್ಟರಿನ ಬಳಿ ಒಂದು ಸೂಚಕವಿರುತ್ತದೆ; ಫಿಲ್ಟರು ಕಟ್ಟಿಕೊಂಡಾಗ ಅದು ಕೆಂಪಾಗುತ್ತದೆ. ಕೆಂಪಾಗುವ ಮೊದಲೇ ದಿನವೂ ಫಿಲ್ಟರನ್ನು ತೆಗೆದು ಕೊಡವುವುದು ಅತಿ ಕಾಳಜಿಯ ಅಪಾಯ, ಏಕೆಂದರೆ ತೆರೆದಾಗಲೆಲ್ಲ ಒಂದಿಷ್ಟು ದೂಳು ಒಳಗೆ ಬೀಳುತ್ತದೆ. ಚೈನಿನ ಮೇಲೆ ಕುಟ್ಟಿ ದೂಳು ಉದುರಿಸಿದರೆ ಕಾಗದದ ಮಡಿಕೆಗಳು ಹರಿಯುತ್ತವೆ. ಒಳಗಿನ ಸಣ್ಣ ಸುರಕ್ಷಾ ಫಿಲ್ಟರನ್ನು ಎಂದಿಗೂ ಶುಚಿಮಾಡಬಾರದು, ಬದಲಾಯಿಸಬೇಕು. ಫಿಲ್ಟರು ಸರಿಯಾಗಿದ್ದೂ ಕಪ್ಪು ಹೊಗೆ ನಿಲ್ಲದಿದ್ದರೆ ಟರ್ಬೊದಿಂದ ಇಂಜಿನಿಗೆ ಹೋಗುವ ಕೊಳವೆಗಳನ್ನು ನೋಡಬೇಕು. ಸಡಿಲವಾದ ಒಂದು ಕ್ಲಾಂಪು ಸಾಕು, ಒತ್ತಿದ ಗಾಳಿಯೆಲ್ಲ ಸೋರಿಹೋಗಲು. ಅಲ್ಲಿ ಸಾಮಾನ್ಯವಾಗಿ ಸಿಳ್ಳಿನಂಥ ಸದ್ದೂ ಆಯಿಲಿನ ಕಲೆಯೂ ಇರುತ್ತವೆ.

ಆಹಾರ

ಉಸಿರಿನ ನಂತರ ಡೀಸೆಲು. ಕಡಲ ತೀರದ ರಾತ್ರಿಗಳು ಇಲ್ಲಿ ಬಹಳ ತೇವಭರಿತ. ಅರ್ಧ ಖಾಲಿಯಾದ ಟ್ಯಾಂಕಿನೊಳಗೆ ಆ ತೇವ ನೀರಹನಿಗಳಾಗಿ ತಳ ಸೇರುತ್ತದೆ. ಸಂಜೆ ಕೆಲಸ ಮುಗಿದಾಗಲೇ ಟ್ಯಾಂಕು ತುಂಬಿಸಿಡುವುದು, ಬೆಳಿಗ್ಗೆ ನೀರು ಬೇರ್ಪಡಿಸುವ ಬಟ್ಟಲಿನಿಂದ ನೀರನ್ನು ಇಳಿಸುವುದು, ಈ ಎರಡು ಅಭ್ಯಾಸಗಳು ಅನೇಕ ಕಾಯಿಲೆಗಳನ್ನು ದೂರವಿಡುತ್ತವೆ. ಡೀಸೆಲ್ ಫಿಲ್ಟರು ಕಟ್ಟಿಕೊಂಡಿದೆಯೆ, ಟ್ಯಾಂಕಿನಿಂದ ಬರುವ ಕೊಳವೆ ಎಲ್ಲಾದರೂ ಗಾಳಿ ಸೇದುತ್ತಿದೆಯೆ ಎಂಬುದನ್ನೂ ನೋಡಬೇಕು.

ಇಲ್ಲಿ ಒಂದು ನಿದರ್ಶನ ಹೇಳುತ್ತೇನೆ. ಅಬುಧಾಬಿಯ ಪಶ್ಚಿಮ ಭಾಗದ ಕಾಮಗಾರಿಯೊಂದರಲ್ಲಿ ಡೋಜರು ನಡೆಸುತ್ತಿದ್ದ ಕೋಲಾರದ ಕಡೆಯವರೊಬ್ಬರು ಬೆನ್ನುನೋವಿಗೆಂದು ನನ್ನಲ್ಲಿಗೆ ಬಂದಿದ್ದರು. ಬೆನ್ನಿಗಿಂತ ಅವರ ಮನಸ್ಸೇ ಹೆಚ್ಚು ನೊಂದಿತ್ತು. ಅವರ ಯಂತ್ರ ಬೆಳಿಗ್ಗೆ ಚೆನ್ನಾಗಿ ದುಡಿದು ಎರಡು ಮೂರು ಗಂಟೆಗಳಲ್ಲಿ ಸೊರಗುತ್ತಿತ್ತು. ಫಿಲ್ಟರುಗಳು ಬದಲಾದವು, ದುಬಾರಿ ಇಂಜೆಕ್ಟರುಗಳೂ ಬದಲಾದವು, ಗುಣ ಕಾಣಲಿಲ್ಲ. ಕೊನೆಗೆ "ಯಂತ್ರ ಸರಿಯಾಗಿದೆ, ನಡೆಸುವವನೇ ಸೋಮಾರಿ" ಎಂಬ ತೀರ್ಮಾನವಾಗಿ, ಕರಾರನ್ನು ಮುಂದುವರಿಸುವುದಿಲ್ಲವೆಂಬ ಸೂಚನೆಯೂ ಬಂದಿತ್ತು. ಊರಿನಲ್ಲಿ ಮಗಳ ಮದುವೆ ನಿಶ್ಚಯವಾಗಿತ್ತು.

ನಾನು ಅಭ್ಯಾಸಬಲದಿಂದ ಕೇಳಿದೆ: "ಮತ್ತೆ ಸರಿಹೋಗುವುದು ಯಾವಾಗ?"

"ಡೀಸೆಲ್ ಹಾಕಿಸಿದ ಮೇಲೆ ಸಾರ್. ಆಮೇಲೆ ಒಂದೆರಡು ಗಂಟೆ ಚೆನ್ನಾಗೇ ಎಳೀತದೆ."

"ಅಷ್ಟು ಹೊತ್ತಿಗೆ ಟ್ಯಾಂಕು ಖಾಲಿಯಾಗಿರುತ್ತದೆಯೆ?"

"ಇಲ್ಲ ಸಾರ್, ಅರ್ಧಕ್ಕಿಂತ ಮೇಲೇ ಇರ್ತದೆ."

ಈ ಮಾತನ್ನು ಇಂಜಿನಿಯರ್ ಮಿತ್ರರೊಬ್ಬರಿಗೆ ಫೋನಿನಲ್ಲಿ ತಿಳಿಸಿದಾಗ ಅವರು ತಡವಿಲ್ಲದೆ, "ಟ್ಯಾಂಕಿನ ಮುಚ್ಚಳ ನೋಡಲು ಹೇಳಿ" ಎಂದರು. ಡೀಸೆಲ್ ಖರ್ಚಾದಂತೆ ಅದರ ಜಾಗಕ್ಕೆ ಗಾಳಿ ಬರಲೆಂದು ಮುಚ್ಚಳದಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅದು ನುಣುಪು ಮರಳಿನಿಂದ ಮುಚ್ಚಿಹೋಗಿತ್ತು. ಟ್ಯಾಂಕಿನೊಳಗೆ ನಿರ್ವಾತದ ಸೆಳೆತ ಹೆಚ್ಚುತ್ತ ಹೋಗಿ ಪಂಪಿಗೆ ಡೀಸೆಲ್ ಎಳೆಯಲು ಆಗುತ್ತಿರಲಿಲ್ಲ. ಡೀಸೆಲ್ ಹಾಕಲೆಂದು ಮುಚ್ಚಳ ತೆರೆದಾಗ ಗಾಳಿ ಒಳಹೊಕ್ಕು ಯಂತ್ರ ಚೇತರಿಸಿಕೊಳ್ಳುತ್ತಿತ್ತು. ಮುಚ್ಚಳ ತೊಳೆದದ್ದೇ ಚಿಕಿತ್ಸೆಯಾಯಿತು. ಅವರ ಕೆಲಸವೂ ಉಳಿಯಿತು. ದಿನಕ್ಕೆ ಹತ್ತು ಗಂಟೆ ಯಂತ್ರದ ಜೊತೆ ಕಳೆಯುವ ಮನುಷ್ಯನಿಗಿಂತ ಉತ್ತಮ ಸಾಕ್ಷಿ ಯಾರಿದ್ದಾರೆ? ಆದರೂ ಅವರನ್ನು ಯಾರೂ ಕೇಳಿರಲಿಲ್ಲ.

ಶಕ್ತಿ ಇಳಿಸಿಕೊಳ್ಳುವ ಇಂಜಿನು

ಇಂದಿನ ಯಂತ್ರಗಳಲ್ಲಿ ಇಂಜಿನನ್ನು ನಿಯಂತ್ರಿಸಲು ಕಂಪ್ಯೂಟರಿದೆ. ರೇಡಿಯೇಟರಿನ ಜಾಲರಿಯಲ್ಲಿ ದೂಳು ಮೆತ್ತಿ ಇಂಜಿನು ಅತಿಯಾಗಿ ಕಾದಾಗ, ಅಥವಾ ಆಯಿಲಿನ ಒತ್ತಡ ಕುಸಿದಾಗ, ಅನೇಕ ಯಂತ್ರಗಳಲ್ಲಿ ಆ ಕಂಪ್ಯೂಟರು ತಾನಾಗಿಯೇ ಶಕ್ತಿಯನ್ನು ಇಳಿಸುತ್ತದೆ. ಇದು ದೋಷವಲ್ಲ, ಆತ್ಮರಕ್ಷಣೆ. ಜ್ವರದ ಕಾರಣ ಹುಡುಕದೆ ಥರ್ಮಾಮೀಟರನ್ನು ಎಸೆದುಬಿಡುವುದು ಎಷ್ಟು ಜಾಣತನವೋ, ಕಾರಣ ತಿಳಿಯದೆ ದೋಷಸೂಚನೆಯನ್ನು ಅಳಿಸಿ ಕೆಲಸ ಮುಂದುವರಿಸುವುದೂ ಅಷ್ಟೇ ಜಾಣತನ. ಹಳೆಯ ಯಂತ್ರಗಳಲ್ಲಿ ಪಂಪಿನ ಸ್ಕ್ರೂ ತಿರುಗಿಸಿ ಹೆಚ್ಚು ಡೀಸೆಲ್ ಕೊಡುವ ರೂಢಿಯೂ ಇಂಥದೇ. ಉಸಿರು ಕಟ್ಟಿದವನಿಗೆ ಊಟ ಹೆಚ್ಚಿಸಿದಂತೆ, ಅದರಿಂದ ಕಪ್ಪು ಹೊಗೆಯೂ ತಾಪವೂ ಹೆಚ್ಚಿ ಟರ್ಬೊ ಮತ್ತು ಪಿಸ್ಟನ್ನುಗಳು ಹಾಳಾಗುತ್ತವೆ. ಇಷ್ಟೆಲ್ಲ ಹೊರ ಪರೀಕ್ಷೆಗಳು ಮುಗಿದ ಮೇಲೆಯೇ ಇಂಜೆಕ್ಟರು, ವಾಲ್ವುಗಳ ಅಂತರ, ಸಿಲಿಂಡರಿನ ಒತ್ತಡ ಮುಂತಾದ ಒಳಾಂಗಗಳ ಸರದಿ.

ವೈದ್ಯನಾಗಿ ಒಂದು ಎಚ್ಚರಿಕೆ

ಈಗ ನನ್ನ ಕ್ಷೇತ್ರದ ಮಾತಿಗೆ ಬರುತ್ತೇನೆ. ಡೀಸೆಲ್ ಸೋರುತ್ತಿದೆಯೇ ಎಂದು ತಿಳಿಯಲು ಕೊಳವೆಯ ಮೇಲೆ ಕೈಯಾಡಿಸುವ ಅಭ್ಯಾಸ ಬಹಳ ಜನರಿಗಿದೆ. ಇದಕ್ಕಿಂತ ಅಪಾಯದ ಕೆಲಸ ಮತ್ತೊಂದಿಲ್ಲ. ಇಂದಿನ ಇಂಜಿನುಗಳಲ್ಲಿ ಡೀಸೆಲಿನ ಒತ್ತಡ ವಾತಾವರಣದ ಒತ್ತಡಕ್ಕಿಂತ ಸಾವಿರ ಪಟ್ಟಿಗೂ ಮೀರಬಲ್ಲದು. ಕಣ್ಣಿಗೆ ಕಾಣದ ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಡೀಸೆಲ್, ಕೈಗವಸನ್ನೂ ದಾಟಿ ಚರ್ಮದೊಳಗೆ ನುಗ್ಗುತ್ತದೆ. ಗಾಯ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ. ಮೊದಲು ನೋವೂ ಹೆಚ್ಚಿರದು. ಆದರೆ ಒಳಗೆ ಅಂಗಾಂಶ ಕೊಳೆಯಲಾರಂಭಿಸಿ, ತಡವಾದರೆ ಬೆರಳನ್ನೇ ಕತ್ತರಿಸಬೇಕಾಗಬಹುದು. ಅಂಥವರು ನೋವಿಲ್ಲವೆಂದು ಸುಮ್ಮನಿರದೆ ಆ ಕ್ಷಣವೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, "ಒತ್ತಡದ ಡೀಸೆಲ್ ಒಳಗೆ ಹೋಗಿದೆ" ಎಂದು ಸ್ಪಷ್ಟವಾಗಿ ಹೇಳಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡನ್ನು ಬಳಸಿ, ಕೈಯನ್ನಲ್ಲ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಯಂತ್ರದ ಬಳಿ ಕೆಲಸಮಾಡುವ ಮುನ್ನ ಬ್ಲೇಡನ್ನು ನೆಲಕ್ಕಿಳಿಸಿ, ಇಂಜಿನು ನಿಲ್ಲಿಸಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಿ.

ಕೊನೆಯದಾಗಿ, ಕಾದಾಗ ಶಕ್ತಿ ಇಳಿಸಿಕೊಳ್ಳುವ ಏರ್ಪಾಡು ಇಂಜಿನಿಗಿದೆ. ನಡೆಸುವವನ ದೇಹಕ್ಕೂ ಅಂಥ ಸೂಚನೆಗಳಿವೆ: ಸ್ನಾಯುಸೆಳೆತ, ತಲೆನೋವು, ತಲೆಸುತ್ತು, ವಾಕರಿಕೆ. ಈ ದೇಶದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಿಸಿಲಿನ ಕೆಲಸಕ್ಕೆ ಕಾನೂನಿನ ನಿಷೇಧವಿರುವುದು ಇದಕ್ಕಾಗಿಯೇ. ಆ ಹೊತ್ತನ್ನು ನೆರಳಿನಲ್ಲಿ, ನೀರಿನ ಜೊತೆ ಕಳೆಯಬೇಕು.

ನಿಮ್ಮಲ್ಲಿ ಅನೇಕರು ಇಂಜಿನಿಯರುಗಳಿದ್ದೀರಿ, ಮೇಲ್ವಿಚಾರಕರಿದ್ದೀರಿ. ನಾಳೆ ನಿಮ್ಮ ಮುಂದೆ ಯಾರಾದರೂ ಆಪರೇಟರು ನಿಂತು "ಗಾಡಿಗೆ ದಮ್ಮಿಲ್ಲ ಸಾರ್" ಎಂದರೆ, ಸ್ಪ್ಯಾನರು ತರಿಸುವುದಕ್ಕೆ ಮೊದಲು ಒಂದು ಕುರ್ಚಿ ಕೊಟ್ಟು ಐದು ನಿಮಿಷ ಅವರ ಮಾತು ಕೇಳಿ ಎಂದು ವಿನಂತಿಸಿಕೊಳ್ಳುತ್ತೇನೆ.