ಕಸದ ಬಿಲ್ಲು: ಕಟ್ಟುವ ಮುಂಚೆ ಕೇಳಬೇಕಾದ ಮೂರು ಪ್ರಶ್ನೆ

ಊರಲ್ಲಿದ್ದಾಗ ಕಸದ ಖರ್ಚಿನ ಲೆಕ್ಕ ಇಟ್ಟವರು ನಮ್ಮಲ್ಲಿ ಕಡಿಮೆ. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆ ಕಸದ ಶುಲ್ಕ ಸೇರಿತು, ಅದೂ ಮಾಲೀಕರ ತಲೆನೋವು. ಇಲ್ಲಿ ಹಾಗಲ್ಲ. ಬಾಡಿಗೆ ಬಿಲ್ಲಿನ ಕೊನೆಗೆ ‘ಟ್ರ್ಯಾಷ್ ಫೀ’ ಅಂತ ಒಂದು ಸಾಲು ಇರುತ್ತೆ, ನಾವು ನೋಡದೇ ಕಟ್ಟಿಬಿಡ್ತೀವಿ.

ನಾನೂ ಕಟ್ಟಿದ್ದೆ. ಓದಿದ್ದು ಬಿ.ಕಾಂ., ಕೆಲಸ ಲೆಕ್ಕಪತ್ರದ್ದೇ. ಆದರೂ ನ್ಯೂಜೆರ್ಸಿಯ ಮೊದಲ ವರ್ಷ ಆಟೋ-ಪೇ ಹಾಕಿ ತಿಂಗಳಿಗೆ 30 ಡಾಲರ್‌ನಂತೆ 360 ಡಾಲರ್ ಕೊಟ್ಟೆ. ಆಮೇಲೆ ಲೀಸ್ ತೆಗೆದು ಓದಿದರೆ ಆ ಶುಲ್ಕದ ಮಾತೇ ಇಲ್ಲ! ಲೀಸ್ ಪ್ರತಿ ಲಗತ್ತಿಸಿ ಬರೆದು ಕೇಳಿದ ಮೇಲೆ ಬಾಡಿಗೆಯಲ್ಲಿ ವಜಾ ಮಾಡಿದರು. ಅದಕ್ಕೇ ಈ ಮೂರು ಪ್ರಶ್ನೆ.

1. ಕಸ ಒಯ್ಯೋದು ಯಾರು?

ನ್ಯೂಯಾರ್ಕ್ ನಗರದಲ್ಲಿ ಮನೆಗಳ ಕಸ ಒಯ್ಯುವುದು ನಗರದ ಸ್ಯಾನಿಟೇಷನ್ ಇಲಾಖೆ. ಖರ್ಚು ತೆರಿಗೆಯಿಂದ ಹೋಗುತ್ತೆ, ಮನೆಗೆ ಪ್ರತ್ಯೇಕ ತಿಂಗಳ ಬಿಲ್ ಇಲ್ಲ. ಕ್ವೀನ್ಸ್‌ನಲ್ಲಿ ಮಾಲೀಕರು ‘ಸಿಟಿಯ ಕಸದ ಫೀ’ ಅಂತ ಕೇಳಿದರೆ, ಸಿಟಿಯ ಬಿಲ್ ತೋರಿಸಿ ಅನ್ನಿ.

ದಂಡದ ಮಾತು ಬೇರೆ. 2024ರ ನವೆಂಬರ್ 12ರಿಂದ ಒಂದರಿಂದ ಒಂಬತ್ತು ಮನೆಗಳ ಕಟ್ಟಡದವರು 55 ಗ್ಯಾಲನ್ ಮೀರದ, ಮುಚ್ಚಳವಿರುವ ಡಬ್ಬಿಯಲ್ಲೇ ಕಸ ಇಡಬೇಕು. ತಪ್ಪಿದರೆ ಮೊದಲ ಸಲ 50, ಎರಡನೇ ಸಲ 100, ಆಮೇಲೆ 200 ಡಾಲರ್. ಈ ದಂಡವನ್ನು ಮಾಲೀಕರು ನಿಮ್ಮ ಮೇಲೆ ಹಾಕಿದರೆ ನೋಟಿಸಿನ ಪ್ರತಿ ಕೇಳಿ.

ನ್ಯೂಜೆರ್ಸಿಯಲ್ಲಿ ಊರಿಗೊಂದು ಪದ್ಧತಿ. ಕೆಲವು ಕಡೆ ಆಸ್ತಿ ತೆರಿಗೆಯಲ್ಲೇ ಸೇರಿರುತ್ತೆ, ಕೆಲವು ಕಡೆ ಪ್ರತ್ಯೇಕ ಬಿಲ್. ಬ್ರಿಡ್ಜ್‌ವಾಟರ್, ಹಿಲ್ಸ್‌ಬರೋ ಥರದ ಊರುಗಳಲ್ಲಿ ಮನೆಯವರೇ ಖಾಸಗಿ ಕಂಪನಿ ಗೊತ್ತು ಮಾಡಿಕೊಳ್ಳಬೇಕು. ಅಂಥ ಕಂಪನಿಗೆ ರಾಜ್ಯದ ಪರಿಸರ ಇಲಾಖೆಯ ‘ಎ-901’ ಪರವಾನಗಿ ಬೇಕು, ಲಾರಿಯ ಮೇಲೆ ಕಂಪನಿ ಹೆಸರು ಮತ್ತು ನೋಂದಣಿ ಸಂಖ್ಯೆ ಇರಬೇಕು. ಇಲ್ಲದವರಿಗೆ ನಗದು ಕೊಡಬೇಡಿ.

2. ಲೀಸ್‌ನಲ್ಲಿ ಏನು ಬರೆದಿದೆ?

ಇಲ್ಲಿ ಲೀಸ್ ಅಂದರೆ ಬಾಡಿಗೆ ಕರಾರು, ನಮ್ಮೂರಿನ ಭೋಗ್ಯ ಅಲ್ಲ. ‘ಟ್ರ್ಯಾಷ್’, ‘ವ್ಯಾಲೆಟ್ ಟ್ರ್ಯಾಷ್’, ‘ಅಡಿಷನಲ್ ರೆಂಟ್’ ಈ ಮೂರು ಪದ ಹುಡುಕಿ. ವ್ಯಾಲೆಟ್ ಟ್ರ್ಯಾಷ್ ಅಂದರೆ ಬಾಗಿಲಿಂದ ಕಸ ಒಯ್ಯುವ ಸೇವೆ. ಸಹಿ ಹಾಕುವ ಮುಂಚೆ ಅದು ಕಡ್ಡಾಯವಾ ಅಂತ ಕೇಳಿ.

ಸಿಟ್ಟಿನಲ್ಲಿ ಕಟ್ಟೋದನ್ನೇ ನಿಲ್ಲಿಸಬೇಡಿ. ನ್ಯೂಜೆರ್ಸಿಯಲ್ಲಿ ಲೀಸ್ ಆ ಶುಲ್ಕವನ್ನು ‘ಅಡಿಷನಲ್ ರೆಂಟ್’ ಅಂದಿದ್ದರೆ, ಬಾಕಿ ಉಳಿಸಿದ್ದಕ್ಕೇ ಮನೆ ಬಿಡಿಸುವ ಮೊಕದ್ದಮೆ ಬರಬಹುದು. ‘ಆಕ್ಷೇಪಣೆ ಇದೆ, ಆದರೂ ಕಟ್ಟುತ್ತಿದ್ದೇನೆ’ ಅಂತ ಬರೆದು ಕಟ್ಟಿ, ಆಮೇಲೆ ವಾಪಸ್ ಕೇಳಿ. ನ್ಯೂಯಾರ್ಕ್‌ನಲ್ಲಿ 2019ರ ಕಾನೂನಿನ ಪ್ರಕಾರ ಮನೆ ಬಿಡಿಸುವ ಮೊಕದ್ದಮೆಯಲ್ಲಿ ಬಾಡಿಗೆ ಬಿಟ್ಟು ಬೇರೆ ಶುಲ್ಕ ಕೇಳುವಂತಿಲ್ಲ.

ಮನೆ ಖಾಲಿ ಮಾಡಿದಾಗ ಠೇವಣಿಯಲ್ಲಿ ‘ಕಸ ತೆಗೆದ ಖರ್ಚು’ ಹಿಡಿಯೋದೂ ಉಂಟು. ಹಿಡಿದರೆ ಬಾಬತ್ತುವಾರು ಲೆಕ್ಕ ಕೊಡಬೇಕು. ಗಡುವು ನ್ಯೂಯಾರ್ಕ್‌ನಲ್ಲಿ 14 ದಿನ, ನ್ಯೂಜೆರ್ಸಿಯಲ್ಲಿ 30 ದಿನ. ಬಿಡುವ ದಿನ ಖಾಲಿ ಕೋಣೆಗಳ ಫೋಟೋ ತೆಗೆದಿಟ್ಟುಕೊಳ್ಳಿ.

3. ನನ್ನ ಹತ್ತಿರ ಕಾಗದ ಏನಿದೆ?

ಲೀಸ್, ತಿಂಗಳ ಬಿಲ್ಲುಗಳು, ಕಟ್ಟಿದ ರಸೀದಿ, ಇಮೇಲ್, ಎಲ್ಲಾ ಒಂದೇ ಫೋಲ್ಡರ್‌ನಲ್ಲಿ ಇರಲಿ. ನಾಲ್ಕು ಜನ ಸೇರಿ ಒಂದೇ ಮನೆಯಲ್ಲಿದ್ದರೆ, ಲೀಸ್ ಯಾರ ಹೆಸರಲ್ಲಿದೆಯೋ ಅವರಿಂದ ಪ್ರತಿ ತಗೊಳ್ಳಿ. ಬಾಯಿಮಾತಿಗೆ ಸಾಕ್ಷಿ ಇಲ್ಲ, ಫೋನಲ್ಲಿ ಮಾತಾಡಿದ್ದನ್ನೂ ಇಮೇಲ್‌ನಲ್ಲಿ ಒಮ್ಮೆ ಬರೆದು ಕಳಿಸಿ.

ದೂರು ಎಲ್ಲಿಗೆ?

ನ್ಯೂಯಾರ್ಕ್ ನಗರದಲ್ಲಿ 311ಕ್ಕೆ ಕರೆ ಮಾಡಿ, ಕನ್ನಡ ಮಾತಾಡುವ ದುಭಾಷಿ ಬೇಕು ಅಂತ ಕೇಳಿ ನೋಡಿ. ನ್ಯೂಜೆರ್ಸಿಯಲ್ಲಿ ಗ್ರಾಹಕ ವ್ಯವಹಾರ ವಿಭಾಗ, 973-504-6200. ಸಣ್ಣ ಮೊತ್ತದ ಕೋರ್ಟಿಗೆ ವಕೀಲರಿಲ್ಲದೆ ನೀವೇ ಹೋಗಬಹುದು; ಮಿತಿ ನ್ಯೂಜೆರ್ಸಿಯಲ್ಲಿ 5,000, ನ್ಯೂಯಾರ್ಕ್ ನಗರದಲ್ಲಿ 10,000 ಡಾಲರ್.

‘ದೂರು ಕೊಟ್ಟರೆ ಮನೆ ಬಿಡಿಸ್ತಾರೆ’ ಅಂತ ಎಷ್ಟೋ ಜನ ಸುಮ್ಮನಾಗ್ತಾರೆ. ಸರ್ಕಾರಿ ಇಲಾಖೆಗೆ ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಳ್ಳೋದು ಎರಡೂ ರಾಜ್ಯಗಳಲ್ಲಿ ಕಾನೂನಿಗೆ ವಿರುದ್ಧ. ಬಾಡಿಗೆ ಸರಿಯಾಗಿ ಕಟ್ಟುತ್ತಾ ಇದ್ದರೆ ನಿಮ್ಮ ಕಡೆ ಬಲ ಇರುತ್ತೆ.

ಈ ವಾರವೇ ಹಿಂದಿನ 12 ತಿಂಗಳ ಬಿಲ್ ತೆಗೆದು, ಕಸದ ಸಾಲಿಗೆ ಗೆರೆ ಎಳೆದು ಕೂಡಿಸಿ. ಆ ಮೊತ್ತವನ್ನು ಲೀಸ್ ಜೊತೆ ತಾಳೆ ನೋಡಿ. ತಾಳೆ ಆಗದಿದ್ದರೆ ಬರೆದು ಕೇಳಿ.