ನಕ್ಷೆಯಲ್ಲಿ ಕರಗುವ ಮೂರು ಗುಂಟೆ

ಗೋಳಾಕಾರದ ಭೂಮಿಯನ್ನು ಚಪ್ಪಟೆ ಹಾಳೆಯ ಮೇಲೆ ಹರಡುವಾಗ ಆಕಾರ, ವಿಸ್ತೀರ್ಣ, ದೂರ ಇವೆಲ್ಲವನ್ನೂ ಒಟ್ಟಿಗೆ ಉಳಿಸಿಕೊಳ್ಳುವುದು ಅಸಾಧ್ಯ. 1569ರಲ್ಲಿ ಮರ್ಕೇಟರ್ ರಚಿಸಿದ ಭೂಪಟವು ನಾವಿಕರಿಗಾಗಿ ದಿಕ್ಕಿನ ಕೋನವನ್ನು ಉಳಿಸಿ, ವಿಸ್ತೀರ್ಣವನ್ನು ಬಿಟ್ಟುಕೊಟ್ಟಿತು. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ವಾಸ್ತವದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು ದೊಡ್ಡದು. ಈ ಭೂಪಟವನ್ನು ಕೈಬಿಡಬೇಕೆಂಬ ಅಭಿಯಾನಕ್ಕೆ 2025ರಲ್ಲಿ ಆಫ್ರಿಕನ್ ಒಕ್ಕೂಟವೇ ಬೆಂಬಲ ನೀಡಿತು.

ಇದು ದೂರದ ಖಂಡದ ವ್ಯಾಜ್ಯವೆಂದು ನಾವು ಸುಮ್ಮನಿರುವಂತಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿಯ ಅನಂತರ ಸರ್ವೆ ಆಫ್ ಇಂಡಿಯಾದ ಸಾರ್ವಜನಿಕ ನಕ್ಷೆಗಳು ಯು.ಟಿ.ಎಂ. ವಿಧಾನವನ್ನು ಅನುಸರಿಸುತ್ತಿವೆ. ಮರ್ಕೇಟರನ ವಿಧಾನವನ್ನೇ ಮಗ್ಗುಲಾಗಿಸಿ, ಭೂಮಿಯನ್ನು ತಲಾ 6 ಡಿಗ್ರಿಯ 60 ಪಟ್ಟಿಗಳಾಗಿ ವಿಭಜಿಸಿದ ವ್ಯವಸ್ಥೆಯಿದು. 43ನೆಯ ಪಟ್ಟಿಯ ನಡುಗೆರೆಯಾದ 75 ಡಿಗ್ರಿ ಪೂರ್ವ ರೇಖಾಂಶವು ಬೈಲಹೊಂಗಲ ಮತ್ತು ಸವದತ್ತಿ ಪಟ್ಟಣಗಳ ನಡುವೆಯೇ ಹಾದುಹೋಗುತ್ತದೆ. ಕಿತ್ತೂರು ಅದರ ಪಶ್ಚಿಮಕ್ಕಿದೆ, ರಾಮದುರ್ಗ ಪೂರ್ವಕ್ಕಿದೆ.

ನಡುಗೆರೆಯ ಮೇಲೆ ನಕ್ಷೆ ಅತ್ಯಂತ ನಿಖರವಾಗಿರಬೇಕೆಂದು ಓದುಗರು ಊಹಿಸಬಹುದು. ಹಾಗಿಲ್ಲ. ಪಟ್ಟಿಯ ಅಂಚಿನಲ್ಲಿ ದೋಷ ಮಿತಿಮೀರದಿರಲೆಂದು ನಡುವಿನ ಅಳತೆಯನ್ನು ಬೇಕೆಂದೇ 0.9996ಕ್ಕೆ ಕುಗ್ಗಿಸಲಾಗಿದೆ. ಅಳತೆ ಸರಿಹೊಂದುವುದು ನಡುಗೆರೆಯಿಂದ ಸುಮಾರು 180 ಕಿ.ಮೀ. ದೂರದಲ್ಲಿ, ಅಂದರೆ ಪೂರ್ವಕ್ಕೆ ಸಿಂಧನೂರಿನ ಆಸುಪಾಸಿನಲ್ಲಿ. ಒಟ್ಟು ದೋಷವನ್ನು ತಗ್ಗಿಸಲು ನಡುವಿನವರು ಕೊಂಚ ನಷ್ಟವನ್ನು ತಾಳಬೇಕೆಂಬ ಈ ತರ್ಕ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಅಪರಿಚಿತವಲ್ಲ.

ನಷ್ಟವೆಷ್ಟು? ಈ ನಾಲ್ಕು ಊರುಗಳ ಸುತ್ತ ಕಿಲೋಮೀಟರಿಗೆ ಸುಮಾರು 40 ಸೆಂಟಿಮೀಟರ್. ವಿಸ್ತೀರ್ಣದಲ್ಲಿ 100 ಎಕರೆಗೆ ಮೂರು ಗುಂಟೆಗೂ ತುಸು ಹೆಚ್ಚು. ಸಮುದ್ರಮಟ್ಟದಿಂದ ನೆಲದ ಎತ್ತರವನ್ನೂ ಲೆಕ್ಕಕ್ಕೆ ಹಿಡಿದರೆ ವ್ಯತ್ಯಾಸ ಇನ್ನಷ್ಟು ಹಿಗ್ಗುತ್ತದೆ. ಎರಡೆಕರೆಯ ಒಡೆಯನಿಗೆ ಇದು ಗಣನೆಗೆ ಬಾರದು. ಕಾಲುವೆಗೋ ಹೆದ್ದಾರಿಗೋ ನೂರಾರು ಎಕರೆ ಸ್ವಾಧೀನವಾಗುವಾಗ ಮಾತ್ರ ಅದು ಪರಿಹಾರದ ಹಣವಾಗುತ್ತದೆ.

ಹಿಂದಿನ ಮೋಜಣಿದಾರರು ಸರಪಳಿಯನ್ನು ನೆಲದ ಮೇಲೆಯೇ ಎಳೆದು ಅಳೆಯುತ್ತಿದ್ದರು. ಪಹಣಿಯಲ್ಲಿರುವ ಎಕರೆ–ಗುಂಟೆ ಆ ನೆಲದ ಲೆಕ್ಕ. ಇಂದು ಡ್ರೋನ್ ಮತ್ತು ಉಪಗ್ರಹಾಧಾರಿತ ಉಪಕರಣಗಳು ಕೊಡುವ ನಿರ್ದೇಶಾಂಕಗಳು ಬಹುಪಾಲು ನಕ್ಷೆಯ ಲೆಕ್ಕ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದಾಗ ಕಾಣುವ ಕೊರತೆಗೆ ರೈತನ ಬದುವನ್ನು ಶಂಕಿಸುವುದು ನ್ಯಾಯವಲ್ಲ.

ಪರಿಹಾರ ಕಷ್ಟದ್ದಲ್ಲ. ನಕ್ಷೆಯ ವಿಸ್ತೀರ್ಣವನ್ನು ನೆಲದ ವಿಸ್ತೀರ್ಣಕ್ಕೆ ಪರಿವರ್ತಿಸುವ ಸೂತ್ರಗಳು ಸಿದ್ಧವಾಗಿವೆ; ಗಣಕಯಂತ್ರಕ್ಕೆ ಅದು ಕ್ಷಣದ ಕೆಲಸ. ರೈತನಿಗೆ ನೀಡುವ ಪ್ರತಿಯೊಂದು ನಕ್ಷೆಯಲ್ಲೂ ಅದು ಯಾವ ವಿಧಾನದ್ದು, ನಮೂದಿಸಿದ ವಿಸ್ತೀರ್ಣ ನೆಲದ್ದೋ ಹಾಳೆಯದ್ದೋ ಎಂಬ ಒಂದು ಸಾಲು ಕನ್ನಡದಲ್ಲಿರಬೇಕು. ಸರ್ಕಾರ ಭೂಮಿಯ ಬೆಲೆ ಕಟ್ಟಬೇಕಾದುದು ನೆಲವನ್ನು ನೋಡಿ, ಹಾಳೆಯನ್ನಲ್ಲ.