ಮುಂದಿನ ಪ್ರಧಾನಿ ಯಾರು? ಲೆಕ್ಕ ಹಾಕುವ ಮೊದಲು ತಿಳಿಯಬೇಕಾದ ಸಂಗತಿಗಳು

ಲೋಕಸಭಾ ಚುನಾವಣೆ ಹತ್ತಿರವಾದಂತೆ ಎಲ್ಲೆಡೆ ಕೇಳಿಬರುವ ಪ್ರಶ್ನೆ ಒಂದೇ: ಈ ಸಲ ಪ್ರಧಾನಿ ಯಾರು? ಪತ್ರಿಕೆಗಳಲ್ಲಿ ಇಬ್ಬರು ನಾಯಕರ ಚಿತ್ರಗಳು ಅಕ್ಕಪಕ್ಕ ಬರುತ್ತವೆ, ಟಿವಿಯಲ್ಲಿ ಸಮೀಕ್ಷೆಗಳು ಶುರುವಾಗುತ್ತವೆ. ಮತದಾನಕ್ಕೆ ವಾರಗಳಿರುವಾಗಲೇ 'ಇವರೇ ಗೆದ್ದಾಯಿತು' ಎಂಬ ಮಾತು ಊರಿಡೀ ಹಬ್ಬುತ್ತದೆ. ಅದನ್ನು ನಂಬಿ ಕೆಲವರು ಮತಗಟ್ಟೆಗೇ ಹೋಗುವುದಿಲ್ಲ. ಇನ್ನು ಕೆಲವರು ಗೆಲ್ಲುವವರ ಕಡೆಗೇ ಇರೋಣ ಎಂದು ಮತ ಹಾಕುತ್ತಾರೆ. ಆದ್ದರಿಂದ ಈ ಲೆಕ್ಕಾಚಾರ ಎಲ್ಲಿ ತಪ್ಪುತ್ತದೆ ಎಂದು ಅರಿತುಕೊಳ್ಳುವುದು ಅಗತ್ಯ.

ಜನಪ್ರಿಯತೆ ಬೇರೆ, ಸ್ಥಾನಗಳು ಬೇರೆ

ನಾವು ಪ್ರಧಾನಿಯನ್ನು ನೇರವಾಗಿ ಆರಿಸುವುದಿಲ್ಲ, ನಮ್ಮ ಕ್ಷೇತ್ರದ ಸಂಸದರನ್ನು ಆರಿಸುತ್ತೇವೆ. 543 ಸ್ಥಾನಗಳಲ್ಲಿ 272 ಸದಸ್ಯರ ಬೆಂಬಲ ಯಾರಿಗಿದೆಯೋ ಅವರು ಸರಕಾರ ರಚಿಸುತ್ತಾರೆ.

2004ರ ಚುನಾವಣೆ ಇದಕ್ಕೆ ಒಳ್ಳೆಯ ಪಾಠ. 2003ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶ, ರಾಜಸ್ತಾನ, ಛತ್ತೀಸ್‌ಗಢಗಳನ್ನು ಗೆದ್ದ ಉತ್ಸಾಹದಲ್ಲಿ ಬಿಜೆಪಿ ಅವಧಿಗೆ ಮುನ್ನವೇ ಚುನಾವಣೆಗೆ ಹೋಯಿತು. ಸೋನಿಯಾ ಗಾಂಧಿಯವರಿಗಿಂತ ಅಟಲ್ ಬಿಹಾರಿ ವಾಜಪೇಯಿಯವರೇ ಜನಪ್ರಿಯರು ಎಂದು ಸಮೀಕ್ಷೆಗಳು ಹೇಳಿದವು. ಆದರೆ ಮೇ 13ರಂದು ಮತ ಎಣಿಕೆಯಾದಾಗ ಕಾಂಗ್ರೆಸ್ 145, ಬಿಜೆಪಿ 138 ಸ್ಥಾನ ಪಡೆದವು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. 1999ರಲ್ಲಿ ಕಾಂಗ್ರೆಸ್‌ಗೆ ಶೇ. 28ರಷ್ಟು ಮತ ಸಿಕ್ಕಿತ್ತು, ಸ್ಥಾನ ಮಾತ್ರ 114. 2004ರಲ್ಲಿ ಮತ ಶೇ. 26.5ಕ್ಕೆ ಇಳಿಯಿತು, ಸ್ಥಾನ ಏರಿತು. ಕಾರಣ ಮೈತ್ರಿ. ಹಿಂದೆ ಬಿಜೆಪಿಯ ಜತೆಗಿದ್ದ ಡಿಎಂಕೆ ಕಾಂಗ್ರೆಸ್ ಕಡೆಗೆ ಬಂತು. ಆ ಕೂಟ ತಮಿಳುನಾಡಿನ 39 ಸ್ಥಾನಗಳನ್ನೂ ಗೆದ್ದಿತು. ಆಂಧ್ರದಲ್ಲಿ ಬಿಜೆಪಿಯ ಮಿತ್ರಪಕ್ಷ ತೆಲುಗುದೇಶಂ 29ರಿಂದ 5ಕ್ಕೆ ಕುಸಿಯಿತು. ಕೊನೆಗೆ ಪ್ರಧಾನಿಯಾದವರು ಯಾವ ಸಮೀಕ್ಷೆಯೂ ಮುಂದಿಡದ ಡಾ. ಮನಮೋಹನ್ ಸಿಂಗ್.

ಇದು ಹೊಸತೇನಲ್ಲ. 1996ರಲ್ಲಿ ಬಿಜೆಪಿ 161, ಕಾಂಗ್ರೆಸ್ 140 ಸ್ಥಾನ ಗೆದ್ದಿದ್ದವು. ವಾಜಪೇಯಿ ಸರಕಾರ 13 ದಿನಗಳಲ್ಲಿ ಬಿದ್ದಿತು. ಕೇವಲ 46 ಸ್ಥಾನಗಳಿದ್ದ ಜನತಾದಳದ ಎಚ್.ಡಿ. ದೇವೇಗೌಡರು ಪ್ರಧಾನಿಯಾದರು. ಆಗ ಅವರು ನಮ್ಮ ರಾಜ್ಯದ ಮುಖ್ಯಮಂತ್ರಿ, ಸಂಸತ್ ಸದಸ್ಯರೂ ಆಗಿರಲಿಲ್ಲ.

ಊರಿನ ಗಾಳಿ ದೇಶದ ಗಾಳಿಯಲ್ಲ

ಸುತ್ತಮುತ್ತ ಕಾಣುವುದನ್ನೇ ಇಡೀ ದೇಶದ ಅಭಿಪ್ರಾಯ ಎಂದು ತಿಳಿಯುವುದು ಎರಡನೆಯ ತಪ್ಪು. 2004ರಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 18ನ್ನು ಬಿಜೆಪಿ ಗೆದ್ದಿತು. ಮಂಗಳೂರು, ಉಡುಪಿ ಎರಡೂ ಅದರಲ್ಲಿದ್ದವು. 2009ರಲ್ಲಿ ಎಲ್.ಕೆ. ಅಡ್ವಾಣಿಯವರನ್ನು ಮುಂದಿಟ್ಟು ಸ್ಪರ್ಧಿಸಿದ ಬಿಜೆಪಿ ರಾಜ್ಯದಲ್ಲಿ 19 ಸ್ಥಾನ ಪಡೆಯಿತು. ದಕ್ಷಿಣ ಕನ್ನಡವೂ ಉಡುಪಿ-ಚಿಕ್ಕಮಗಳೂರೂ ಅದರ ಪಾಲಾದವು. ಎರಡು ಸಲವೂ ದೆಹಲಿಯಲ್ಲಿ ಸರಕಾರ ರಚಿಸಿದ್ದು ಕಾಂಗ್ರೆಸ್ ನೇತೃತ್ವದ ಕೂಟ.

2014ರಲ್ಲಿ ನರೇಂದ್ರ ಮೋದಿಯವರ ಹೆಸರಿನಲ್ಲೇ ನಡೆದ ಚುನಾವಣೆ ಬಿಜೆಪಿಗೆ 282, 2019ರಲ್ಲಿ 303 ಸ್ಥಾನ ತಂದಿತು. ನಾಯಕನ ಮುಖಕ್ಕೆ ಬೆಲೆಯೇ ಇಲ್ಲ ಎನ್ನುವಂತಿಲ್ಲ. ಆದರೆ 2024ರಲ್ಲಿ ಹೆಚ್ಚಿನ ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ಕ್ಕಿಂತ ಹೆಚ್ಚು ಸ್ಥಾನ ಕೊಟ್ಟಿದ್ದವು. ಸಿಕ್ಕಿದ್ದು 293. ಉತ್ತರಪ್ರದೇಶದಲ್ಲಿ ಬಿಜೆಪಿ 62ರಿಂದ 33ಕ್ಕೆ ಇಳಿಯಿತು. 240 ಸ್ಥಾನಗಳ ಬಿಜೆಪಿಗೆ ಸರಕಾರ ನಡೆಸಲು ಮಿತ್ರಪಕ್ಷಗಳ ಬೆಂಬಲ ಬೇಕಾಯಿತು.

ನಾವು ಮಾಡಬಹುದಾದದ್ದು

ಭವಿಷ್ಯವಾಣಿ ಕೇಳಿದಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದು ನಾಯಕರ ಜನಪ್ರಿಯತೆಯ ಅಳತೆಯೋ, ಸ್ಥಾನಗಳ ಲೆಕ್ಕವೋ? ಯಾವ ರಾಜ್ಯದಲ್ಲಿ ಯಾರು ಯಾರ ಜತೆಗಿದ್ದಾರೆ? 272 ಆಗದಿದ್ದರೆ ಯಾರನ್ನು ಯಾರು ಬೆಂಬಲಿಸಬಲ್ಲರು? ಈ ಮೂರಕ್ಕೂ ಉತ್ತರವಿಲ್ಲದ ಭವಿಷ್ಯ ಬರೀ ಊಹೆ.

ಸಮೀಕ್ಷೆ ಮತದಾರನ ಮನಸ್ಸನ್ನು ತಿರುಗಿಸಬಲ್ಲುದು ಎಂಬ ಆತಂಕದಿಂದಲೇ, ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆಯಾಗುವ ತನಕ ಮತಗಟ್ಟೆ ಸಮೀಕ್ಷೆ ಪ್ರಕಟಿಸುವುದನ್ನು ಕಾನೂನು ನಿಷೇಧಿಸಿದೆ. ಮನೆಯಂಗಳದ ಮಾತಿಗೆ ಅಂಥ ತಡೆಯಿಲ್ಲ, ವಿವೇಕವೇ ತಡೆ.

ಪೂಜಾಸ್ಥಳಗಳನ್ನು ಚುನಾವಣಾ ಪ್ರಚಾರಕ್ಕೆ ಬಳಸುವಂತಿಲ್ಲ. ಹಾಗಾಗಿ ಯಾರು ಗೆಲ್ಲಬೇಕೆಂದು ಹೇಳುವುದು ಚರ್ಚ್ ಕಾರ್ಯಕರ್ತರ ಕೆಲಸವಲ್ಲ. ವಾರ್ಡಿನ ಪ್ರತಿ ಮನೆಯವರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ, 18 ತುಂಬಿದ ಮಕ್ಕಳು ನಮೂನೆ 6 ಕೊಟ್ಟಿದ್ದಾರೆಯೇ, ನಡೆಯಲಾಗದ ಹಿರಿಯರಿಗೆ ಮತ ಹಾಕಲು ನೆರವಿದೆಯೇ ಎಂದು ವಿಚಾರಿಸುವುದು ಖಂಡಿತ ನಮ್ಮ ಕೆಲಸ. ಯಾರು ಗೆಲ್ಲುತ್ತಾರೆ ಎಂಬುದು ಎಣಿಕೆಯ ದಿನ ಹೇಗೂ ತಿಳಿಯುತ್ತದೆ. ಯಾರು ಯೋಗ್ಯರು ಎಂಬುದನ್ನು ಅದಕ್ಕೆ ಮೊದಲೇ ಯೋಚಿಸಿ ಮತ ಹಾಕೋಣ.